‘ಪುಟ್ ಆಫ್’ ಅಂದರೆ ಮುಂದಕ್ಕೆ ಹೋಯಿತು, ‘ಕಾಲ್ ಆಫ್’ ಅಂದರೆ ನಿಂತೇ ಹೋಯಿತು

ಪ್ರಶ್ನೆ: ನಾನು ವಿಜಯಪುರದ ಕಡೆಯವನು. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನು. ಈಗ ಡೊಂಬಿವಲಿಯಲ್ಲಿ ಮನೆ, ಅಂಧೇರಿಯ ಒಂದು ಆಫೀಸಿನಲ್ಲಿ ಅಕೌಂಟ್ಸ್ ಕೆಲಸ. ಇಂಗ್ಲಿಷ್ ಓದಿದರೆ ತಕ್ಕಮಟ್ಟಿಗೆ ಅರ್ಥವಾಗುತ್ತದೆ. ಆದರೆ ಮೀಟಿಂಗ್‌ನಲ್ಲಿ ಪುಟ್ ಆಫ್, ಕಾಲ್ ಆಫ್, ಟೇಕ್ ಅಪ್, ಲುಕ್ ಇನ್‌ಟು ಅಂತ ಶುರುವಾದರೆ ಎಲ್ಲ ಕಲಸಿಹೋಗುತ್ತದೆ. ಹೋದ ತಿಂಗಳು ಮ್ಯಾನೇಜರ್ ಒಂದು ಮೀಟಿಂಗ್ ‘ಪುಟ್ ಆಫ್’ ಆಗಿದೆ ಅಂದರು. ರದ್ದಾಯಿತು ಅಂದುಕೊಂಡು ನಾನು ಸಪ್ಲೈಯರ್‌ಗೂ ಹಾಗೇ ಹೇಳಿಬಿಟ್ಟೆ. ಮುಂದಿನ ವಾರ ಎಲ್ಲರ ಎದುರು ಮಾತು ಕೇಳಬೇಕಾಯಿತು. ಇಂಥ ಜೋಡಿ ಮಾತುಗಳಿಗೆ ಫ್ರೇಸಲ್ ವರ್ಬ್ ಅನ್ನುತ್ತಾರಂತೆ, ಐನೂರು ಫ್ರೇಸಲ್ ವರ್ಬ್‌ಗಳ ಪುಸ್ತಕ ತಂದಿದ್ದೇನೆ. ಬಾಯಿಪಾಠ ಮಾಡಬೇಕಾ? ಅಥವಾ ಇವುಗಳ ತಂಟೆಗೇ ಹೋಗದೆ ಪೋಸ್ಟ್‌ಪೋನ್, ಕ್ಯಾನ್ಸಲ್ ಅಂತ ಹೇಳಿಕೊಂಡು ಇದ್ದರೆ ಆಗುತ್ತದಾ? ನಾನು ಬರೆದ ಒಂದು ಮೇಲ್ ಕೂಡ ಕಳಿಸಿದ್ದೇನೆ, ನೋಡಿ ಹೇಳಿ.

ಉತ್ತರ: ಮೊದಲು ಆ ಪುಸ್ತಕ ಪಕ್ಕಕ್ಕಿಡಿ. ಐನೂರು ಬಾಯಿಪಾಠ ಮಾಡುವುದು ಬೇಡ. ಮಾಡಿದರೂ ಉಳಿಯುವುದಿಲ್ಲ. ಮುಂಬೈಯಲ್ಲಿ ಕನ್ನಡದವರಿಗೆ ಇಂಗ್ಲಿಷ್ ಹೇಳಿಕೊಡುವಾಗ ನಾನು ಮತ್ತೆ ಮತ್ತೆ ನೋಡಿದ್ದು ಇದನ್ನೇ. ಪಟ್ಟಿ ಹಿಡಿದು ಹೊರಟವರು ‘ಗೆಟ್ ಅಪ್, ಗೆಟ್ ಇನ್, ಗೆಟ್ ಆನ್, ಗೆಟ್ ಓವರ್’ ಅಂತ ಒಂದು ಪುಟ ದಾಟುವಷ್ಟರಲ್ಲಿ ಮೊದಲಿನದು ಮರೆತಿರುತ್ತಾರೆ. ಒಂದೇ ‘ಗೆಟ್’ ಕೆಳಗೆ ಒಂದಕ್ಕೊಂದು ಸಂಬಂಧವಿಲ್ಲದ ಇಪ್ಪತ್ತು ಅರ್ಥ ಜೋಡಿಸಿಟ್ಟರೆ ಯಾರ ತಲೆಯಲ್ಲೂ ನಿಲ್ಲುವುದಿಲ್ಲ. ಪುಸ್ತಕದ ಜೋಡಣೆಯೇ ಹಾಗಿದೆ, ನಿಮ್ಮ ನೆನಪಿನ ಶಕ್ತಿಯ ದೋಷವಲ್ಲ ಇದು.

ಇನ್ನೊಂದು ಮಾತು ಹೇಳಬೇಕು. ಇದು ಕಷ್ಟ ಅನ್ನಿಸುವುದು ನಿಮಗೊಬ್ಬರಿಗೇ ಅಲ್ಲ, ಕನ್ನಡ ಮಾಧ್ಯಮದವರಿಗೆ ಮಾತ್ರವೂ ಅಲ್ಲ. 1755ರಲ್ಲಿ ಲಂಡನ್ನಿನಲ್ಲಿ ಸ್ಯಾಮುಯೆಲ್ ಜಾನ್ಸನ್ ತಮ್ಮ ದೊಡ್ಡ ನಿಘಂಟು ಹೊರತಂದರು. ಅದರ ಮುನ್ನುಡಿಯಲ್ಲೇ ಈ ಮಾತು ಬರುತ್ತದೆ. ಕ್ರಿಯಾಪದದ ಹಿಂದೆ ಒಂದು ಸಣ್ಣ ಪದ ಸೇರಿಸಿ ಅರ್ಥ ಬದಲಿಸುವುದು ಇಂಗ್ಲಿಷಿನಲ್ಲಿ ಬಹಳ ಜಾಸ್ತಿ, ಹೊರಗಿನವರಿಗೆ ಅತಿ ಹೆಚ್ಚು ತೊಂದರೆ ಕೊಡುವುದು ಇದೇ ಅಂತ ಅವರು ಬರೆದರು. ಆಗ ಇದಕ್ಕೆ ‘ಫ್ರೇಸಲ್ ವರ್ಬ್’ ಅನ್ನುವ ಹೆಸರು ಕೂಡ ಇರಲಿಲ್ಲ. ಆ ಹೆಸರು ಬಳಕೆಗೆ ಬಂದದ್ದು 1925ರ ಹೊತ್ತಿಗೆ.

ಈಗ ನಿಮ್ಮ ‘ಪುಟ್ ಆಫ್’ ವಿಷಯ. ಪುಟ್ ಆಫ್ ಅಂದರೆ ಮುಂದೂಡುವುದು. ಕಾಲ್ ಆಫ್ ಅಂದರೆ ರದ್ದು ಮಾಡುವುದು. ಎರಡರಲ್ಲೂ ‘ಆಫ್’ ಇದೆ, ಎರಡರಲ್ಲೂ ಮೀಟಿಂಗ್ ಇವತ್ತು ನಡೆಯುವುದಿಲ್ಲ. ಗೊಂದಲವಾದದ್ದು ಸಹಜವೇ. ಆದರೆ ವ್ಯತ್ಯಾಸ ಹಿಡಿಯಲು ಒಂದು ಗುರುತು ಇದೆ. ಪುಟ್ ಆಫ್ ಆದ ಮೇಲೆ ಸಾಮಾನ್ಯವಾಗಿ ಹೊಸ ದಿನ ಬರುತ್ತದೆ. ‘ದ ಮೀಟಿಂಗ್ ಹ್ಯಾಸ್ ಬೀನ್ ಪುಟ್ ಆಫ್ ಟಿಲ್ ಫ್ರೈಡೇ.’ ಕಾಲ್ ಆಫ್ ಆದ ಮೇಲೆ ಹೊಸ ದಿನ ಇರುವುದಿಲ್ಲ, ಕಾರಣ ಮಾತ್ರ ಇರುತ್ತದೆ. ‘ದ ಮ್ಯಾಚ್ ವಾಸ್ ಕಾಲ್ಡ್ ಆಫ್ ಬಿಕಾಸ್ ಆಫ್ ರೇನ್.’ ಮುಂದಿನ ಸಲ ಯಾರಾದರೂ ಪುಟ್ ಆಫ್ ಅಂದು ದಿನ ಹೇಳದೆ ಬಿಟ್ಟರೆ ‘ಟಿಲ್ ವೆನ್?’ ಅಂತ ಕೇಳಿಬಿಡಿ. ಆ ಎರಡೇ ಪದದಲ್ಲಿ ವಿಷಯ ಸ್ಪಷ್ಟವಾಗುತ್ತದೆ. ಯಾರೂ ತಪ್ಪು ತಿಳಿಯುವುದಿಲ್ಲ.

ಇಲ್ಲಿಂದ ಮುಂದೆ ಹೇಳುವುದು ಮುಖ್ಯ. ನಮ್ಮವರು ಫ್ರೇಸಲ್ ವರ್ಬ್ ನೋಡಿದ ಕೂಡಲೇ ಮೊದಲ ಪದಕ್ಕೆ ಗಂಟುಬೀಳುತ್ತಾರೆ. ಪುಟ್ ಅಂದರೆ ಇಡು, ಕಾಲ್ ಅಂದರೆ ಕರೆ, ಲುಕ್ ಅಂದರೆ ನೋಡು ಅಂತ. ಹಿಂದಿನ ಸಣ್ಣ ಪದವನ್ನು ಬಾಲ ಅಂದುಕೊಂಡು ಬಿಟ್ಟುಬಿಡುತ್ತಾರೆ. ನಿಜವಾಗಿ ಅರ್ಥದ ದಾರಿ ತೋರಿಸುವುದು ಆ ಸಣ್ಣ ಪದವೇ. ಕಲಿಯಬೇಕಾದದ್ದು ಆಫ್, ಅಪ್, ಔಟ್, ಆನ್, ಡೌನ್, ಬ್ಯಾಕ್, ಇನ್, ಓವರ್ ಇವುಗಳನ್ನು. ಎಂಟೇ ಎಂಟು. ನಾನು ಸುಮ್ನೆ ಆರಿಸಿದ ಎಂಟಲ್ಲ ಇವು. 2007ರಲ್ಲಿ ಡೀ ಗಾರ್ಡ್‌ನರ್ ಮತ್ತು ಮಾರ್ಕ್ ಡೇವಿಸ್ ಎಂಬ ವಿದ್ವಾಂಸರು ಬ್ರಿಟಿಷ್ ನ್ಯಾಷನಲ್ ಕಾರ್ಪಸ್ ಎಂಬ 10 ಕೋಟಿ ಪದಗಳ ಸಂಗ್ರಹವನ್ನು ಜಾಲಾಡಿದರು. ಅದರಲ್ಲಿ ಸಿಕ್ಕ ಫ್ರೇಸಲ್ ವರ್ಬ್ ಬಳಕೆಯಲ್ಲಿ ಅರ್ಧಕ್ಕಿಂತ ಹೆಚ್ಚು ಬರೀ 20 ಕ್ರಿಯಾಪದ ಮತ್ತು ಈ 8 ಸಣ್ಣ ಪದಗಳ ಜೋಡಿಗಳೇ ಆಗಿದ್ದವು. ಆ 20ರಲ್ಲಿ ಗೋ, ಕಮ್, ಟೇಕ್, ಗೆಟ್, ಪುಟ್, ಲುಕ್, ಬ್ರಿಂಗ್, ಟರ್ನ್‌ನಂಥವು ಸೇರಿವೆ. ನಿಮಗೆ ಐದನೇ ಕ್ಲಾಸಿನಿಂದ ಗೊತ್ತಿರುವ ಪದಗಳೇ ಅಲ್ವಾ?

‘ಆಫ್’ ಒಂದನ್ನೇ ಬಿಡಿಸಿ ನೋಡೋಣ. ಇದರ ಬೇರಿನಲ್ಲಿರುವ ಭಾವ ಬೇರೆಯಾಗುವುದು, ಅಂಟಿಕೊಂಡದ್ದು ಕಳಚುವುದು, ದೂರ ಸರಿಯುವುದು. ದಾದರ್‌ನಲ್ಲಿ ಲೋಕಲ್‌ನಿಂದ ಇಳಿದರೆ ‘ಗೆಟ್ ಆಫ್’. ನೀವು ಗಾಡಿಯಿಂದ ಬೇರೆಯಾದಿರಿ. ದೇವಸ್ಥಾನದ ಬಾಗಿಲಲ್ಲಿ ಚಪ್ಪಲಿ ಕಳಚಿದರೆ ‘ಟೇಕ್ ಆಫ್’. ಚಪ್ಪಲಿ ಕಾಲಿನಿಂದ ಬೇರೆಯಾಯಿತು. ಸಾಂತಾಕ್ರೂಜ್‌ನಿಂದ ವಿಮಾನ ಹಾರಿದರೂ ‘ಟೇಕ್ ಆಫ್’. ವಿಮಾನ ನೆಲದಿಂದ ಬೇರೆಯಾಯಿತು. ಸೊಸೈಟಿಯ ನೋಟಿಸ್ ಬೋರ್ಡಿನಲ್ಲಿ ‘ವಾಟರ್ ಸಪ್ಲೈ ವಿಲ್ ಬಿ ಕಟ್ ಆಫ್’ ಅಂತ ಹಾಕಿದರೆ ನಿಮ್ಮ ನಲ್ಲಿಗೂ ನೀರಿಗೂ ಇದ್ದ ಸಂಬಂಧ ಕಡಿಯಿತು. ಊರಿಗೆ ಹೊರಟ ಅಮ್ಮನನ್ನು ಸ್ಟೇಷನ್ನಿಗೆ ಹೋಗಿ ಕಳಿಸಿಬಂದರೆ ‘ಸೀ ಆಫ್’. ಕಂಪನಿ ಜನರನ್ನು ಕೆಲಸದಿಂದ ತೆಗೆದರೆ ‘ಲೇ ಆಫ್’. ಸಾಲ ಪೂರ್ತಿ ತೀರಿಸಿದರೆ ‘ಪೇ ಆಫ್’, ಸಾಲ ನಿಮ್ಮಿಂದ ಕಳಚಿತು. ಕಲ್ಯಾಣ್ ಲೋಕಲ್‌ನಲ್ಲಿ ಸೀಟು ಸಿಕ್ಕಿದ್ದೇ ತೂಕಡಿಸಿದರೆ ‘ಡೋಜ್ ಆಫ್’, ಎಚ್ಚರದಿಂದ ದೂರ ಸರಿದಿರಿ. ಮೀಟಿಂಗನ್ನು ಇವತ್ತಿನ ದಿನದಿಂದ ದೂರ ಸರಿಸಿಟ್ಟರೆ ‘ಪುಟ್ ಆಫ್’. ಕಾಲ್ ಆಫ್ ಕೂಡ ಹೀಗೇ. ಬೇಟೆಯ ಬೆನ್ನು ಹತ್ತಿದ ನಾಯಿಗಳನ್ನು ಹಿಂದಕ್ಕೆ ಕರೆಯುವುದಕ್ಕೂ ಇಂಗ್ಲಿಷಿನಲ್ಲಿ ಕಾಲ್ ಆಫ್ ಅನ್ನುತ್ತಾರೆ. ಹೊರಟ ಕೆಲಸವನ್ನು ಹಿಂದಕ್ಕೆ ಕರೆದರೆ ಅದು ನಿಂತಿತು.

ಇಷ್ಟನ್ನೂ ಒಂದೊಂದಾಗಿ ಬಾಯಿಪಾಠ ಮಾಡಿದ್ದರೆ ಒಂಬತ್ತು ಮಾತು. ‘ಬೇರೆಯಾಗುವುದು’ ಅನ್ನುವ ಒಂದು ಎಳೆ ಹಿಡಿದರೆ ಒಂಬತ್ತೂ ಜೊತೆಗೆ ಬರುತ್ತವೆ.

ಎಲ್ಲವೂ ಈ ಎಳೆಗೆ ಸಿಗುತ್ತವೆ ಅಂತ ನಾನು ಹೇಳುವುದಿಲ್ಲ. ‘ಗೋ ಆಫ್’ ನೋಡಿ. ‘ದ ಲೈಟ್ಸ್ ವೆಂಟ್ ಆಫ್’ ಅಂದರೆ ದೀಪ ಆರಿತು. ‘ದ ಅಲಾರ್ಮ್ ವೆಂಟ್ ಆಫ್’ ಅಂದರೆ ಅಲಾರ್ಮ್ ನಿಂತಿತು ಅಲ್ಲ, ಬಡಿಯಲು ಶುರುವಾಯಿತು! ಪೂರಾ ಉಲ್ಟಾ. ಬಾಂಬ್ ಸಿಡಿದರೂ ‘ವೆಂಟ್ ಆಫ್’. ಬ್ರಿಟನ್ನಿನಲ್ಲಿ ‘ದ ಮಿಲ್ಕ್ ಹ್ಯಾಸ್ ಗಾನ್ ಆಫ್’ ಅಂದರೆ ಹಾಲು ಕೆಟ್ಟಿತು. ಆಫೀಸಿನ ಸೆಕ್ಯುರಿಟಿ ಗಾರ್ಡ್ ‘ಫೈರ್ ಅಲಾರ್ಮ್ ವೆಂಟ್ ಆಫ್’ ಅಂದರೆ ನಿರಾಳವಾಗಿ ಕೂರಬೇಡಿ, ಮೆಟ್ಟಿಲ ಕಡೆ ನಡೆಯಿರಿ. ಇಂಥ ನಾಲ್ಕಾರು ಮಾತುಗಳನ್ನು ಮಾತ್ರ ಹಾಗೇ ನೆನಪಿಡಬೇಕು. ಅವೂ ವಾಕ್ಯದ ಜೊತೆಗೇ ನೆನಪಿರಲಿ, ಬಿಡಿ ಪದವಾಗಿ ಅಲ್ಲ.

ಒಂದೇ ಮಾತಿಗೆ ಹೀಗೆ ಎರಡು ಮೂರು ಅರ್ಥ ಇರುವುದು ಅನ್ಯಾಯ ಅನ್ನಿಸಬಹುದು. ಆದರೆ ನಮ್ಮ ಕನ್ನಡವನ್ನೇ ಸ್ವಲ್ಪ ನೋಡಿ. ‘ನೋಡು’ ಗೊತ್ತು. ಅದಕ್ಕೆ ‘ಕೋ’ ಸೇರಿಸಿ ‘ನೋಡಿಕೋ’ ಅಂದರೆ? ‘ಅಮ್ಮನನ್ನು ನಾನು ನೋಡ್ಕೋತೀನಿ’ ಅಂದರೆ ಆರೈಕೆ. ‘ನಿನ್ನನ್ನು ಆಮೇಲೆ ನೋಡ್ಕೋತೀನಿ’ ಅಂದರೆ ಬೆದರಿಕೆ. ಎರಡನ್ನೂ ನಾವು ಒಂದು ಕ್ಷಣವೂ ಯೋಚಿಸದೆ ಹಿಡಿಯುತ್ತೇವೆ. ಇನ್ನು ‘ಬಿಡು’. ‘ತಿಂದುಬಿಡು’ ಅಂದಾಗ ತಟ್ಟೆಯಲ್ಲಿ ಏನನ್ನಾದರೂ ಬಿಡು ಅಂತ ಅರ್ಥವೇ? ಪೂರ್ತಿ ಮುಗಿಸು ಅಂತ. ‘ಹಾಕು’ ಬೇರೆ, ‘ಹಾಕಿಕೋ’ ಬೇರೆ. ‘ಒಡೆ’ ಬೇರೆ, ‘ಒಡೆದುಹಾಕು’ ಬೇರೆ, ‘ಒಡೆದುಹೋಯಿತು’ ಇನ್ನೂ ಬೇರೆ. ಕನ್ನಡ ಕಲಿಯಲು ಬಂದ ಹೊರಗಿನವರು ಇಲ್ಲಿಯೇ ಎಡವುತ್ತಾರೆ. ಅಂದರೆ ಈ ಕಸರತ್ತು ನಿಮಗೆ ಹೊಸದಲ್ಲ. ಹುಟ್ಟಿನಿಂದ ಮಾಡುತ್ತಿರುವುದೇ. ‘ಲುಕ್ ಆಫ್ಟರ್’ ಅಂದರೆ ನೋಡಿಕೊಳ್ಳುವುದು, ‘ಪುಟ್ ಆನ್’ ಅಂದರೆ ಹಾಕಿಕೊಳ್ಳುವುದು, ‘ಪಿಕ್ ಅಪ್’ ಅಂದರೆ ಎತ್ತಿಕೊಳ್ಳುವುದು, ‘ಗಿವ್ ಅವೇ’ ಅಂದರೆ ಕೊಟ್ಟುಬಿಡುವುದು. ಇಂಗ್ಲಿಷಿನ ಸಣ್ಣ ಪದ ಮಾಡುವ ಕೆಲಸವನ್ನು ಕನ್ನಡದಲ್ಲಿ ಎಷ್ಟೋ ಕಡೆ ಕೊಳ್ಳು, ಬಿಡು, ಹಾಕು, ಹೋಗು ಮಾಡುತ್ತವೆ. ಎಲ್ಲ ಕಡೆ ಸರಿಹೊಂದುವುದಿಲ್ಲ. ಆದರೆ ಹೊಂದುವ ಕಡೆ ಈ ದಾರಿ ಬಿಟ್ಟು ಬೇರೆ ದಾರಿಯಲ್ಲಿ ಅರ್ಥ ಮಾಡಿಕೊಳ್ಳಲು ಹೋಗಬೇಡಿ.

ಇದು ಚೆನ್ನಾಗಿ ಕಾಣುವುದು ‘ಅಪ್’ನಲ್ಲಿ. ಅಪ್ ಅಂದರೆ ಮೇಲೆ ಅಂತ ಎಲ್ಲರಿಗೂ ಗೊತ್ತು. ರೇಟು ಏರಿದರೆ ‘ಗೋ ಅಪ್’, ಮಗು ಬೆಳೆದರೆ ‘ಗ್ರೋ ಅಪ್’, ಟೀವಿಯ ದನಿ ಜಾಸ್ತಿ ಮಾಡಿದರೆ ‘ಟರ್ನ್ ಅಪ್’. ಇಲ್ಲಿಯವರೆಗೆ ಸುಲಭ. ‘ಈಟ್ ಅಪ್’ನಲ್ಲಿ ಮೇಲೆ ಏನಿದೆ? ಏನೂ ಇಲ್ಲ. ಅಲ್ಲಿ ಅಪ್ ಅಂದರೆ ಪೂರ್ತಿ, ನಮ್ಮ ‘ಬಿಡು’ ಇದ್ದ ಹಾಗೆ. ಈಟ್ ಅಂದರೆ ತಿನ್ನು, ಈಟ್ ಅಪ್ ಅಂದರೆ ತಿಂದುಮುಗಿಸು. ಯೂಸ್ ಅಂದರೆ ಬಳಸು, ಯೂಸ್ ಅಪ್ ಅಂದರೆ ಬಳಸಿ ಖಾಲಿ ಮಾಡು. ಟೇರ್ ಅಂದರೆ ಹರಿ, ಟೇರ್ ಅಪ್ ಅಂದರೆ ಚೂರುಚೂರು ಮಾಡು. ಲಾಕ್ ಅಪ್, ಕ್ಲೀನ್ ಅಪ್, ವೈಂಡ್ ಅಪ್ ಎಲ್ಲದರಲ್ಲೂ ಕೆಲಸ ಕೊನೆ ಮುಟ್ಟಿದ ಭಾವವಿದೆ. ಇದಲ್ಲದೆ ಅಪ್‌ಗೆ ಇನ್ನೊಂದು ಮುಖ ಇದೆ. ಕಾಣದಿದ್ದದ್ದು ಎದುರಿಗೆ ಬರುವುದು. ಮೀಟಿಂಗ್‌ನಲ್ಲಿ ಒಂದು ವಿಷಯ ಎದ್ದಿತು ಅನ್ನುತ್ತೇವಲ್ಲ, ಅದು ‘ಕಮ್ ಅಪ್’. ಆ ವಿಷಯವನ್ನು ನೀವೇ ಎತ್ತಿದರೆ ‘ಬ್ರಿಂಗ್ ಅಪ್’. ಅದನ್ನು ಚರ್ಚೆಗೆ ಕೈಗೆತ್ತಿಕೊಂಡರೆ ‘ಟೇಕ್ ಅಪ್’. ವಿಷಯ ಏಳುವುದು, ಎತ್ತುವುದು, ಕೈಗೆತ್ತಿಕೊಳ್ಳುವುದು. ಕನ್ನಡದಲ್ಲೂ ಮೂರೂ ಮೇಲಕ್ಕೇ ಹೋಗುತ್ತವೆ. ನೀವು ಕೇಳಿದ ಟೇಕ್ ಅಪ್ ಇದೇ.

ಉಳಿದವನ್ನು ಬೇಗ ಹೇಳಿ ಮುಗಿಸುತ್ತೇನೆ. ‘ಔಟ್’ ಅಂದರೆ ಒಳಗಿದ್ದದ್ದು ಹೊರಗೆ ಬಂದು ಕಾಣುವುದು. ಫೈಂಡ್ ಔಟ್ ಪತ್ತೆ ಹಚ್ಚುವುದು, ಪಾಯಿಂಟ್ ಔಟ್ ಎತ್ತಿ ತೋರಿಸುವುದು. ಇಲ್ಲವೇ ಮುಗಿಯುವುದು. ‘ವಿ ಹ್ಯಾವ್ ರನ್ ಔಟ್ ಆಫ್ ಪೇಪರ್’ ಅಂದರೆ ಕಾಗದ ಖಾಲಿ. ‘ಡೌನ್’ನಲ್ಲಿ ಇಳಿಯುವುದು, ನಿಲ್ಲುವುದು ಇದೆ. ಗಾಡಿ ದಾರಿಯಲ್ಲಿ ಕೈಕೊಟ್ಟರೆ ಬ್ರೇಕ್ ಡೌನ್. ‘ಬ್ಯಾಕ್’ ಹಿಂದಕ್ಕೆ. ‘ಐ ವಿಲ್ ಗೆಟ್ ಬ್ಯಾಕ್ ಟು ಯು’ ಅಂದರೆ ವಿಚಾರಿಸಿ ಆಮೇಲೆ ತಿಳಿಸುತ್ತೇನೆ. ‘ಆನ್’ ಅಂದರೆ ನಿಲ್ಲದೆ ಮುಂದುವರಿಯುವುದು. ಗೋ ಆನ್, ಕ್ಯಾರಿ ಆನ್. ಆಗ ಹೇಳಿದ ಗಾರ್ಡ್‌ನರ್ ಮತ್ತು ಡೇವಿಸ್ ಅವರ ಲೆಕ್ಕದಲ್ಲಿ ಎಲ್ಲಕ್ಕಿಂತ ಹೆಚ್ಚು ಸಲ ಬಂದದ್ದು ಈ ‘ಗೋ ಆನ್’. ನೀವು ಕೇಳಿದ ‘ಲುಕ್ ಇನ್‌ಟು’ ಅಂದರೆ ಒಳಹೊಕ್ಕು ನೋಡುವುದು, ವಿಚಾರಿಸಿ ತಿಳಿದುಕೊಳ್ಳುವುದು. ಮ್ಯಾನೇಜರ್ ‘ಪ್ಲೀಸ್ ಲುಕ್ ಇನ್‌ಟು ಇಟ್’ ಅಂದರೆ ಬರೀ ಫೈಲ್ ತೆರೆದು ನೋಡಿ ಇಟ್ಟರೆ ಸಾಲದು. ಏನು ಎಡವಟ್ಟಾಗಿದೆ ಅಂತ ಹುಡುಕಿ ಹೇಳಬೇಕು ಅಂತ.

ಅರ್ಥ ಗೊತ್ತಾದ ಮೇಲೆ ತೊಡಕಾಗುವುದು ಪದ ಇಡುವ ಜಾಗದಲ್ಲಿ. ಇದಕ್ಕೆ ಸ್ವಲ್ಪ ಹೆಚ್ಚು ಗಮನ ಕೊಡಿ, ಯಾಕೆಂದರೆ ಕೇಳುವವರಿಗೆ ತಪ್ಪು ಬೇಗ ಕಿವಿಗೆ ಬೀಳುವುದು ಇಲ್ಲಿ. ‘ಟರ್ನ್ ಆಫ್ ದ ಫ್ಯಾನ್’ ಸರಿ. ‘ಟರ್ನ್ ದ ಫ್ಯಾನ್ ಆಫ್’ ಕೂಡ ಸರಿ. ಆದರೆ ಫ್ಯಾನ್ ಅನ್ನುವ ಬದಲು ‘ಇಟ್’ ಬಂದರೆ ಅದು ನಡುವೆಯೇ ಕೂರಬೇಕು. ‘ಟರ್ನ್ ಇಟ್ ಆಫ್’. ‘ಟರ್ನ್ ಆಫ್ ಇಟ್’ ಅನ್ನುವ ಹಾಗಿಲ್ಲ. ಇಟ್, ದೆಮ್, ಹಿಮ್, ಹರ್ ಎಲ್ಲಕ್ಕೂ ಇದೇ ನಿಯಮ. ‘ಪುಟ್ ಇಟ್ ಆಫ್’, ‘ಪಿಕ್ ಹರ್ ಅಪ್’, ‘ಫಿಲ್ ದೆಮ್ ಇನ್’.

ಕೆಲವು ಜೋಡಿಗಳು ಮಾತ್ರ ಬಿಡಿಸಲು ಬರುವುದಿಲ್ಲ. ‘ಲುಕ್ ಆಫ್ಟರ್ ಹಿಮ್’ ಸರಿ, ‘ಲುಕ್ ಹಿಮ್ ಆಫ್ಟರ್’ ಇಲ್ಲ. ‘ಲುಕ್ ಇನ್‌ಟು ಇಟ್’ ಸರಿ, ‘ಲುಕ್ ಇಟ್ ಇನ್‌ಟು’ ಇಲ್ಲ. ಯಾವುದು ಬಿಡಿಸಬಹುದು ಯಾವುದು ಬಾರದು ಅಂತ ಹೇಗೆ ಗೊತ್ತಾಗಬೇಕು? ಒಳ್ಳೆಯ ಲರ್ನರ್ಸ್ ಡಿಕ್ಷನರಿ, ಅಂದರೆ ಇಂಗ್ಲಿಷ್ ಕಲಿಯುವವರಿಗೆಂದೇ ಮಾಡಿದ ನಿಘಂಟು ತೆಗೆಯಿರಿ. ಕ್ರಿಯಾಪದದ ವಿವರಣೆ ಮುಗಿದ ಮೇಲೆ ಫ್ರೇಸಲ್ ವರ್ಬ್‌ಗಳನ್ನು ಬೇರೆಯಾಗಿ ಕೊಟ್ಟಿರುತ್ತಾರೆ. ಹಲವು ಡಿಕ್ಷನರಿಗಳಲ್ಲಿ ನಡುವೆ ಎರಡೂ ಕಡೆ ಮೊನೆ ಇರುವ ಬಾಣದ ಗುರುತು ಇರುತ್ತದೆ. ಆ ಬಾಣ ಇದ್ದರೆ ಬಿಡಿಸಬಹುದು ಅಂತ ಅರ್ಥ. ಈ ಗುರುತನ್ನು ನಮ್ಮ ಶಾಲೆಗಳಲ್ಲಿ ಯಾರೂ ತೋರಿಸುವುದಿಲ್ಲ. ಇದು ನಿಜಕ್ಕೂ ದೊಡ್ಡ ಕೊರತೆ ಅಂತ ನನಗೆ ಅನ್ನಿಸುತ್ತದೆ.

ಫ್ಯಾನ್ ವಿಷಯ ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ನಾವು ಕನ್ನಡದಲ್ಲಿ ‘ಫ್ಯಾನ್ ಆಫ್ ಮಾಡು, ಲೈಟ್ ಆನ್ ಮಾಡು’ ಅನ್ನುತ್ತೇವೆ. ಇಂಗ್ಲಿಷಿನ ಕ್ರಿಯಾಪದ ಬಿಟ್ಟು ಬರೀ ಬಾಲ ತಂದು ‘ಮಾಡು’ಗೆ ಕಟ್ಟಿದ್ದೇವೆ. ಕನ್ನಡಕ್ಕೆ ಅದು ಸೊಗಸಾಗಿ ಒಗ್ಗಿದೆ. ಆದರೆ ಅದನ್ನೇ ವಾಪಸ್ ಇಂಗ್ಲಿಷಿಗೆ ಒಯ್ದು ‘ಆಫ್ ದ ಫ್ಯಾನ್’, ‘ಆನ್ ದ ಲೈಟ್’ ಅನ್ನುತ್ತೇವಲ್ಲ, ಅದು ತಪ್ಪು. ಟರ್ನ್ ಅಥವಾ ಸ್ವಿಚ್ ಬೇಕೇ ಬೇಕು.

ಇನ್ನೊಂದು ಕಡೆಯಿಂದ ನೋಡಿದರೆ ಫ್ರೇಸಲ್ ವರ್ಬ್‌ಗಳು ಆಗಲೇ ನಮ್ಮ ಮನೆಯೊಳಗೆ ಬಂದುಬಿಟ್ಟಿವೆ. ಮೇಕಪ್, ಬ್ಯಾಕಪ್, ಪಿಕಪ್, ಬ್ರೇಕಪ್, ಲಾಗಿನ್, ಚೆಕ್ ಔಟ್, ಕಟಾಫ್, ಕ್ರಿಕೆಟ್ಟಿನ ರನೌಟ್. ಇವೆಲ್ಲ ಫ್ರೇಸಲ್ ವರ್ಬ್‌ಗಳಿಂದ ಹುಟ್ಟಿದ ನಾಮಪದಗಳು. ಒಂದು ವ್ಯತ್ಯಾಸ ಗಮನಿಸಿ. ನಾಮಪದವಾದಾಗ ಹೆಚ್ಚಾಗಿ ಎರಡನ್ನೂ ಕೂಡಿಸಿ ಅಥವಾ ನಡುವೆ ಸಣ್ಣ ಗೆರೆ ಹಾಕಿ ಬರೆಯುತ್ತಾರೆ, ಒತ್ತು ಮೊದಲ ಭಾಗಕ್ಕೆ ಬೀಳುತ್ತದೆ. ಕ್ರಿಯಾಪದವಾದಾಗ ಬಿಡಿಸಿ ಬರೆಯುತ್ತಾರೆ, ಸಣ್ಣ ಪದಕ್ಕೂ ಒತ್ತು ಸಿಗುತ್ತದೆ. ಮೇಲ್‌ನಲ್ಲಿ ‘ಪ್ಲೀಸ್ ಬ್ಯಾಕ್ ಅಪ್ ದ ಫೈಲ್ಸ್’ ಅಂತ ಬರೆಯುವಾಗ ಬ್ಯಾಕ್ ಬೇರೆ, ಅಪ್ ಬೇರೆ. ‘ಟೇಕ್ ಎ ಬ್ಯಾಕಪ್’ ಅನ್ನುವಾಗ ಒಂದೇ ಪದ.

ಮೀಟಿಂಗ್‌ನಲ್ಲಿ ಕೇಳಿದಾಗ ಕಲಸಿಹೋಗುತ್ತದೆ ಅಂದಿರಲ್ಲ, ಅದಕ್ಕೆ ಅರ್ಥ ಮಾತ್ರ ಕಾರಣವಲ್ಲ. ವೇಗವಾಗಿ ಮಾತಾಡುವಾಗ ಈ ಪದಗಳು ನಮ್ಮ ಸಂಧಿಯ ಹಾಗೆ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ‘ಪುಟ್ ಇಟ್ ಆಫ್’ ಕಿವಿಗೆ ‘ಪುಟಿಟಾಫ್’ ಅಂತ ಬೀಳುತ್ತದೆ. ‘ಲುಕ್ ಇನ್‌ಟು ಇಟ್’ ‘ಲುಕಿಂಟುಯಿಟ್’ ಆಗುತ್ತದೆ. ಕಣ್ಣಿಗೆ ಗೊತ್ತಿರುವ ಮಾತನ್ನೇ ಕಿವಿ ಗುರುತು ಹಿಡಿಯುವುದಿಲ್ಲ. ಹಾಗಾಗಿ ಕಲಿಯುವಾಗ ಮನಸ್ಸಿನಲ್ಲೇ ಓದಿಕೊಳ್ಳಬೇಡಿ. ಬಾಯಿಬಿಟ್ಟು, ಕೂಡಿಸಿ, ‘ಆಫ್’ ಮೇಲೆ ಒತ್ತು ಹಾಕಿ ಹೇಳಿ.

ನಮ್ಮ ದೇಶದ ಇಂಗ್ಲಿಷಿನಲ್ಲಿ ಬೇರೂರಿರುವ ಕೆಲವು ಬಳಕೆಗಳ ಬಗ್ಗೆ ಎಚ್ಚರ ಬೇಕು. ನಮ್ಮೊಳಗೆ ಮಾತಾಡುವಾಗ ತೊಂದರೆಯಿಲ್ಲ. ನಿಮ್ಮ ಆಫೀಸಿಗೆ ಹೊರದೇಶದ ಕ್ಲೈಂಟ್ ಇದ್ದರೆ ತೊಂದರೆ. ‘ಐ ಪಾಸ್ಡ್ ಔಟ್ ಇನ್ 2015’ ಅಂದರೆ ಅಮೆರಿಕದವರಿಗೆ ‘2015ರಲ್ಲಿ ಮೂರ್ಛೆ ಹೋದೆ’ ಅಂತ ಕೇಳಿಸುತ್ತದೆ. ಸೈನ್ಯದ ತರಬೇತಿ ಮುಗಿಸಿ ಹೊರಬರುವುದಕ್ಕೆ ಪಾಸ್ ಔಟ್ ಅನ್ನುವ ಬಳಕೆ ಇದೆ. ಪುಣೆ ಹತ್ತಿರದ ಖಡಕ್‌ವಾಸ್ಲಾದಲ್ಲಿ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಕೆಡೆಟ್‌ಗಳಿಗೆ ನಡೆಯುವುದು ‘ಪಾಸಿಂಗ್ ಔಟ್ ಪರೇಡ್’. ಅಲ್ಲಿ ಅದು ಸರಿ. ಬಿಕಾಂ ಮುಗಿಸಿದ್ದಕ್ಕೆ ‘ಐ ಗ್ರ್ಯಾಜುಯೇಟೆಡ್’ ಅನ್ನಿ.

‘ವೇರ್ ಆರ್ ಯು ಪುಟ್ ಅಪ್?’ ಅಂತ ಮುಂಬೈಯಲ್ಲಿ ಎಲ್ಲರೂ ಕೇಳುತ್ತಾರೆ. ಎಲ್ಲಿ ಮನೆ ಮಾಡಿದ್ದೀರಿ ಅನ್ನುವ ಅರ್ಥದಲ್ಲಿ. ಆದರೆ ‘ಪುಟ್ ಸಮ್‌ಒನ್ ಅಪ್’ ಅಂದರೆ ಒಬ್ಬರನ್ನು ನಾಲ್ಕು ದಿನದ ಮಟ್ಟಿಗೆ ಮನೆಯಲ್ಲಿ ಇರಿಸಿಕೊಳ್ಳುವುದು. ಊರಿಂದ ಇಂಟರ್‌ವ್ಯೂಗೆ ಬಂದ ಹುಡುಗನಿಗೆ ನಿಮ್ಮ ಮನೆಯಲ್ಲಿ ಜಾಗ ಕೊಟ್ಟರೆ ‘ಯು ಪುಟ್ ಹಿಮ್ ಅಪ್’. ಡೊಂಬಿವಲಿಯಲ್ಲಿ ಸ್ವಂತ ಮನೆಯಲ್ಲಿರುವ ನೀವು ‘ಐ ಲಿವ್ ಇನ್ ಡೊಂಬಿವಲಿ’ ಅಂದರೆ ಸಾಕು. ಇದಕ್ಕೆ ‘ವಿತ್’ ಸೇರಿದರೆ ಅರ್ಥ ಪೂರ್ತಿ ಬದಲಾಗುತ್ತದೆ. ‘ಪುಟ್ ಅಪ್ ವಿತ್’ ಅಂದರೆ ತಾಳಿಕೊಳ್ಳುವುದು. ‘ವಿ ಪುಟ್ ಅಪ್ ವಿತ್ ದ ಕ್ರೌಡ್ ಎವ್ರಿ ಡೇ.’

ಲೋಕಲ್‌ನಿಂದ, ಬಸ್ಸಿನಿಂದ ಇಳಿಯುವುದಕ್ಕೆ ನಾವು ‘ಗೆಟ್ ಡೌನ್’ ಅನ್ನುತ್ತೇವೆ. ‘ಗೆಟ್ ಆಫ್’ ಅನ್ನುವುದು ಒಳ್ಳೆಯದು. ಟ್ಯಾಕ್ಸಿ, ಆಟೋ, ಕಾರಿಗೆ ಬೇರೆ. ಹತ್ತುವಾಗ ‘ಗೆಟ್ ಇನ್’, ಇಳಿಯುವಾಗ ‘ಗೆಟ್ ಔಟ್’. ಒಳಗೆ ಎದ್ದು ನಿಂತು ಓಡಾಡಬಹುದಾದ ಗಾಡಿಗೆ ಆನ್ ಮತ್ತು ಆಫ್, ಮೈ ಮಡಚಿ ಒಳಗೆ ಕೂರುವ ಗಾಡಿಗೆ ಇನ್ ಮತ್ತು ಔಟ್ ಅಂತ ನೆನಪಿಟ್ಟುಕೊಳ್ಳಿ. ‘ಗೆಟ್ ಔಟ್’ ನಮ್ಮ ಕಿವಿಗೆ ಬೈಗುಳದಂತೆ ಕೇಳುತ್ತದೆ. ಆದರೆ ‘ಐ ಗಾಟ್ ಔಟ್ ಆಫ್ ದ ಟ್ಯಾಕ್ಸಿ’ಯಲ್ಲಿ ಬೈಗುಳವೇನೂ ಇಲ್ಲ.

ಈಗ ನಿಮ್ಮ ಕೊನೆಯ ಪ್ರಶ್ನೆ. ಪೋಸ್ಟ್‌ಪೋನ್, ಕ್ಯಾನ್ಸಲ್, ಟಾಲರೇಟ್, ಇನ್ವೆಸ್ಟಿಗೇಟ್ ಅಂತಲೇ ಹೇಳಿಕೊಂಡು ಇರಬಹುದಾ? ಹೇಳಬಹುದು, ಯಾವ ತಪ್ಪೂ ಇಲ್ಲ. ಆದರೆ ನೀವು ಹೇಳದಿದ್ದರೂ ಎದುರಿನವರು ಹೇಳುತ್ತಾರಲ್ಲ? ಅರ್ಥ ಮಾಡಿಕೊಳ್ಳುವುದನ್ನು ತಪ್ಪಿಸಲಾಗದು. ಹೇಳುವುದರಲ್ಲೂ ಒಂದು ವಿಚಾರ ಇದೆ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಅರಮನೆ, ಕೋರ್ಟುಗಳಲ್ಲಿ ಫ್ರೆಂಚ್ ನಡೆಯಿತು. ಮುಂದಿನ ಶತಮಾನಗಳಲ್ಲಿ ಫ್ರೆಂಚ್ ಮತ್ತು ಲ್ಯಾಟಿನ್ ಮೂಲದ ಪದಗಳು ಇಂಗ್ಲಿಷಿಗೆ ರಾಶಿರಾಶಿಯಾಗಿ ಬಂದವು. ಅವು ಬರವಣಿಗೆಯ ತೂಕದ ಪದಗಳಾದವು. ಮನೆ ಮಾತಿನಲ್ಲಿ ಹಳೆಯ ಸಣ್ಣ ಪದಗಳ ಜೋಡಿಗಳೇ ಉಳಿದವು. ನಾವು ‘ಸಹಿಸು’ ಮತ್ತು ‘ತಾಳಿಕೋ’ ಎರಡನ್ನೂ ಇಟ್ಟುಕೊಂಡು ಜಾಗ ನೋಡಿ ಬಳಸುವಂತೆಯೇ ಅವರು ಟಾಲರೇಟ್ ಮತ್ತು ಪುಟ್ ಅಪ್ ವಿತ್ ಬಳಸುತ್ತಾರೆ. ಊಟದ ಹೊತ್ತಿನಲ್ಲಿ ಸಹೋದ್ಯೋಗಿಯ ಹತ್ತಿರ ‘ಐ ಕ್ಯಾನಾಟ್ ಟಾಲರೇಟ್ ದಿಸ್ ನಾಯ್ಸ್’ ಅಂದರೆ ಅರ್ಥವೇನೋ ಆಗುತ್ತದೆ, ಮಾತು ಮಾತ್ರ ಬಿಗಿಯಾಗಿ ಕೇಳುತ್ತದೆ.

ಆದರೆ ಫ್ರೇಸಲ್ ವರ್ಬ್ ಎಂದರೆ ಬರೀ ಆಡುಮಾತು, ಬರವಣಿಗೆಗೆ ಸಲ್ಲದು ಅಂತ ಕೆಲವು ಮೇಷ್ಟ್ರುಗಳು ಹೇಳುತ್ತಾರೆ. ಅದನ್ನು ಪೂರ್ತಿ ನಂಬಬೇಡಿ. ಕ್ಯಾರಿ ಔಟ್, ಸೆಟ್ ಅಪ್, ಪಾಯಿಂಟ್ ಔಟ್ ಇವು ಆಡಿಟ್ ವರದಿಯಲ್ಲೂ ಸಂಶೋಧನೆಯ ಲೇಖನದಲ್ಲೂ ಧಾರಾಳವಾಗಿ ಬರುತ್ತವೆ. ‘ದ ಆಡಿಟ್ ವಾಸ್ ಕ್ಯಾರೀಡ್ ಔಟ್ ಇನ್ ಮಾರ್ಚ್’ ಅಂತ ನೀವು ನಿಶ್ಚಿಂತೆಯಿಂದ ಬರೆಯಬಹುದು.

ಹಾಗಾದರೆ ಎಲ್ಲಿಂದ ಶುರು ಮಾಡುವುದು? ನಿಮ್ಮ ಆಫೀಸಿನ ಇನ್‌ಬಾಕ್ಸ್‌ನಿಂದಲೇ. ಬಂದ ಮೇಲ್‌ಗಳಲ್ಲಿ ಕಂಡ ಜೋಡಿಯನ್ನು ಅದು ಬಂದ ಪೂರ್ತಿ ವಾಕ್ಯದ ಸಮೇತ ಒಂದು ನೋಟ್‌ಬುಕ್ಕಿಗೆ ಬರೆದುಕೊಳ್ಳಿ. ಪುಟಗಳನ್ನು ಮಾತ್ರ ಗೆಟ್, ಪುಟ್ ಅಂತ ವಿಂಗಡಿಸಬೇಡಿ. ಆಫ್‌ಗೆ ನಾಲ್ಕು ಪುಟ, ಅಪ್‌ಗೆ ನಾಲ್ಕು ಪುಟ, ಔಟ್‌ಗೆ ನಾಲ್ಕು ಪುಟ ಹೀಗೆ ಬಿಡಿ. ಕೆಳಗೆ ನಿಮ್ಮದೇ ಬದುಕಿನ ಒಂದು ವಾಕ್ಯ ಬರೆಯಿರಿ. ‘ಐ ಗೆಟ್ ಆಫ್ ಅಟ್ ಘಾಟ್ಕೋಪರ್ ಅಂಡ್ ಟೇಕ್ ದ ಮೆಟ್ರೋ’ ಅನ್ನುವುದು ಪುಸ್ತಕದ ಹತ್ತು ಉದಾಹರಣೆಗಿಂತ ಗಟ್ಟಿಯಾಗಿ ನಿಲ್ಲುತ್ತದೆ. ದಿನಕ್ಕೆ ಒಂದೆರಡು ಸಾಕು, ಡೊಂಬಿವಲಿಯಿಂದ ಘಾಟ್ಕೋಪರ್‌ವರೆಗೆ ಅದನ್ನೇ ಮೆಲುಕು ಹಾಕಿ.

ನೀವು ಕಳಿಸಿದ ಮೇಲ್ ಓದಿದೆ. ವಿಷಯ ಸ್ಪಷ್ಟವಾಗಿದೆ, ಸೌಜನ್ಯವೂ ಇದೆ. ನಾಲ್ಕು ಕಡೆ ಮಾತ್ರ ತಿದ್ದಬೇಕು. ‘ಡಿಸ್ಕಸ್ ಅಬೌಟ್’ ಅಂದಿದ್ದೀರಿ, ಡಿಸ್ಕಸ್ ಆದ ಮೇಲೆ ಅಬೌಟ್ ಬೇಡ. ‘ಕೋಪ್ ಅಪ್ ವಿತ್ ದ ವರ್ಕ್’ನಲ್ಲಿ ಅಪ್ ಜಾಸ್ತಿಯಾಯಿತು, ‘ಕೋಪ್ ವಿತ್’ ಅಷ್ಟೇ. ‘ಕೀಪ್ ಅಪ್ ವಿತ್’ ಅನ್ನುವುದರ ಜೊತೆ ಅದು ಕಲಸಿಹೋಗುತ್ತದೆ, ನಮ್ಮಲ್ಲಿ ತುಂಬಾ ಜನರಿಗೆ ಹೀಗಾಗುತ್ತದೆ. ‘ಪ್ಲೀಸ್ ರಿವರ್ಟ್ ಬ್ಯಾಕ್’ ಬದಲು ‘ಪ್ಲೀಸ್ ಗೆಟ್ ಬ್ಯಾಕ್ ಟು ಮೀ’ ಅಥವಾ ಸುಮ್ನೆ ‘ಪ್ಲೀಸ್ ರಿಪ್ಲೈ’ ಅನ್ನಿ. ರಿವರ್ಟ್ ಅಂದರೆ ಮೂಲದಲ್ಲಿ ಹಿಂದಿನ ಸ್ಥಿತಿಗೆ ಮರಳುವುದು. ಕೊನೆಯ ಸಾಲು ‘ಲುಕಿಂಗ್ ಫಾರ್ವರ್ಡ್ ಟು ಮೀಟ್ ಯು’. ಇಲ್ಲಿ ‘ಟು’ ಆದ ಮೇಲೆ ‘ಮೀಟಿಂಗ್’ ಬರಬೇಕು. ‘ಐ ಲುಕ್ ಫಾರ್ವರ್ಡ್ ಟು ಮೀಟಿಂಗ್ ಯು.’ ಈ ನಾಲ್ಕನ್ನು ತಿದ್ದಿ ಕಳಿಸಿ, ಉಳಿದದ್ದು ಹಾಗೇ ಇರಲಿ.